ಗಾಜಿನ ಪೆಟ್ಟಿಗೆಯ ಕೂಸಿಗೆ ಅವ್ವನ ಎದೆಯೇ ಅಗ್ಗಿಷ್ಟಿಕೆ

ಬುಧಗಾಂವ (ಸಾಂಗಲಿ): ಏಳು ತಿಂಗಳಿಗೇ ಹೆರಿಗೆ. ಕೂಸಿನ ತೂಕ ಒಂದೂವರೆ ಕಿಲೊ. ದವಾಖಾನೆಯವರು ಅದನ್ನು ಒಳಗೊಯ್ದು ಬಾಗಿಲು ಹಾಕಿಕೊಳ್ಳುತ್ತಾರೆ. ಬಾಣಂತಿ ಒಂದು ವಾರ್ಡಿನಲ್ಲಿ, ಕೂಸು ಇನ್ನೊಂದರಲ್ಲಿ. ಅಥಣಿ ಕಡೆಯಿಂದ ಬಸ್ ಹಿಡಿದು ಬಂದ ತವರಿನವರು, ಬುಧಗಾಂವದ ಅತ್ತೆ-ಮಾವ ವರಾಂಡದಲ್ಲಿ ಚಾಪೆ ಹಾಸಿ ಕೂರುತ್ತಾರೆ. 'ಕೂಸು ಹ್ಯಾಂಗದರೀ ಸಿಸ್ಟರ್?' ಎಂದರೆ 'ಬಾಳ ಪೇಟೀತ ಆಹೆ' ಎಂಬ ಮರಾಠಿ ಉತ್ತರ. ಕೂಸು ಪೆಟ್ಟಿಗೆಯಲ್ಲಿದೆ, ಅಷ್ಟೇ.

ಗಡಿಯ ಆಚೀಚೆ ಹೆಣ್ಣು ಕೊಟ್ಟು ತಂದ ಮನೆಗಳಿಗೆ ಇದು ಹೊಸ ಚಿತ್ರವಲ್ಲ. 1894ರಲ್ಲಿ ಡಾ. ವಿಲಿಯಂ ವಾನ್ಲೆಸ್ ಮಿರಜದಲ್ಲಿ ಮಿಷನ್ ಆಸ್ಪತ್ರೆ ಕಟ್ಟಿದಂದಿನಿಂದ ಬೆಳಗಾವಿ ಜಿಲ್ಲೆಯ ಜನರಿಗೆ 'ದೊಡ್ಡ ದವಾಖಾನೆ' ಎಂದರೆ ಮಿರಜವೇ. ಆದರೆ ಅವಧಿಗೆ ಮುನ್ನ ಹುಟ್ಟಿದ ಕೂಸಿನ ವಿಷಯದಲ್ಲಿ ತಂದೆ-ತಾಯಿ ಬಾಗಿಲ ಹೊರಗೇ ಉಳಿಯಬೇಕೆ? ಬೇಕಿಲ್ಲ ಎನ್ನುತ್ತದೆ ಇಂದಿನ ವೈದ್ಯಶಾಸ್ತ್ರ.

ಸರಕಾರದ್ದೇ ಸೂಚನೆ

ದಿಲ್ಲಿಯ ರಾಮಮನೋಹರ ಲೋಹಿಯಾ ಆಸ್ಪತ್ರೆಯಲ್ಲಿ ಪಾಲಕರನ್ನೇ ಒಳಗೆ ಕರೆದು, ಕಲಿಸಿ, ಕೂಸಿನ ಆರೈಕೆಗೆ ಹಚ್ಚುವ ಪ್ರಯೋಗ ನಡೆಯಿತು. ಅದರ ಅನುಭವದ ಮೇಲೆ ಕೇಂದ್ರ ಆರೋಗ್ಯ ಇಲಾಖೆ 2017ರಲ್ಲಿ ಸರಕಾರಿ ನವಜಾತ ಶಿಶು ಘಟಕಗಳಿಗೆ ಮಾರ್ಗಸೂಚಿ ಹೊರಡಿಸಿತು. ಕೈ ತೊಳೆದು ಒಳಬರುವ ರೀತಿ, ಕೂಸಿನ ಸ್ವಚ್ಛತೆ ಮತ್ತು ಹಾಲುಣಿಸುವಿಕೆ, ಎದೆಗಪ್ಪಿಕೊಳ್ಳುವ ಕಾಂಗರೂ ಆರೈಕೆ, ಮನೆಗೆ ಹೋದ ಮೇಲಿನ ಜಾಗ್ರತೆ, ಇವನ್ನು ಪಾಲಕರಿಗೆ ಕಲಿಸಬೇಕು ಎನ್ನುತ್ತದೆ ಅದು. ಸಲೈನು, ಆಕ್ಸಿಜನ್, ಔಷಧ ಮಾತ್ರ ಡಾಕ್ಟರು, ಸಿಸ್ಟರುಗಳ ಕೆಲಸ. ಅದಕ್ಕೆ ಮನೆಯವರು ಕೈ ಹಚ್ಚುವಂತಿಲ್ಲ.

ಬೊಗೋಟಾದಿಂದ ಕೊಪ್ಪಳಕ್ಕೆ

ಕಾಂಗರೂ ಆರೈಕೆ ಹುಟ್ಟಿದ್ದು ಬಡತನದಲ್ಲಿ. 1970ರ ದಶಕದ ಕೊನೆಗೆ ಕೊಲಂಬಿಯಾದ ಬೊಗೋಟಾ ನಗರದಲ್ಲಿ ಪೆಟ್ಟಿಗೆಗಳು ಸಾಲದಾದಾಗ ಡಾ. ಎಡ್ಗರ್ ರೇ ಸನಾಬ್ರಿಯಾ, ತಾಯಿಯ ಬರಿ ಎದೆಯ ಮೇಲೆ ಕೂಸನ್ನು ಮಲಗಿಸಿ ಬೆಚ್ಚಗಿಡಲು ಆರಂಭಿಸಿದರು. ನಮ್ಮ ಕೊಪ್ಪಳ ಜಿಲ್ಲೆಯಲ್ಲೂ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು ಈ ಪದ್ಧತಿಯನ್ನು ಆಸ್ಪತ್ರೆಯಿಂದ ಮನೆಯವರೆಗೆ ಒಯ್ಯುವ ಅಧ್ಯಯನ ನಡೆಸಿದರು.

2021ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಭಾರತವೂ ಸೇರಿ ಐದು ದೇಶಗಳ 3,211 ಕೂಸುಗಳಿದ್ದವು. ಎಲ್ಲವೂ ಒಂದು ಕಿಲೊದಿಂದ 1.8 ಕಿಲೊದೊಳಗಿನವು. ಸ್ಥಿತಿ ಸುಧಾರಿಸಲಿ ಎಂದು ಕಾಯದೆ, ಹುಟ್ಟಿದ ಕೂಡಲೇ ಎದೆಗೆ ಹಾಕಿದ ಗುಂಪಿನಲ್ಲಿ ಸಾವು ಶೇ. 25ರಷ್ಟು ಕಡಿಮೆಯಾಯಿತು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಇದನ್ನೇ ಶಿಫಾರಸು ಮಾಡಿತು. ದಿನಕ್ಕೆ 8ರಿಂದ 24 ತಾಸು, ಎಷ್ಟು ಸಾಧ್ಯವೋ ಅಷ್ಟು. ತಾನಾಗಿ ಉಸಿರಾಡಲಾರದ, ವೆಂಟಿಲೇಟರ್ ಬೇಕಾದ ಕೂಸಿಗೆ ಮಾತ್ರ ಡಾಕ್ಟರು ಹೇಳುವವರೆಗೆ ಕಾಯಬೇಕು.

ಪುರುಡಿನ ಗೋಡೆ

ಆಸ್ಪತ್ರೆಯ ಬಾಗಿಲು ತೆರೆದರೂ ಮನೆಯ ಬಾಗಿಲು ಒಮ್ಮೊಮ್ಮೆ ತೆರೆಯುವುದಿಲ್ಲ. 'ಹಸಿ ಬಾಣಂತಿ, ತಂಡಿ ಹತ್ತೀತು, ಕೂಡಬ್ಯಾಡ', 'ಪುರುಡು ಮುಗಿಯೂತನಾ ಗಂಡಸರು ಕೂಸಿನ್ನ ಮುಟ್ಟಬಾರ್ದು' ಎಂಬ ಮಾತು ಗಡಿಯ ಎರಡೂ ಕಡೆ ಇದೆ. ಬಾಣಂತಿಗೆ ಸುಸ್ತಾದಾಗ ಅಪ್ಪ ಅಂಗಿ ಬಿಚ್ಚಿ ಕೂಸನ್ನು ಎದೆಗೆ ಹಾಕಿಕೊಳ್ಳಬಹುದು, ಅಜ್ಜಿಯೂ ಹಾಕಿಕೊಳ್ಳಬಹುದು. ಆರೋಗ್ಯವಾಗಿದ್ದು, ಕೈ ಸ್ವಚ್ಛವಿದ್ದರೆ ಆಯಿತು.

ಹಳೆಯದೆಲ್ಲ ಬಿಡಬೇಕೆಂದೇನಿಲ್ಲ. ಚೀಪಲು ಬಾರದ ಕೂಸಿಗೆ ಹಿಂಡಿದ ತಾಯಿಹಾಲನ್ನು ಕುಡಿಸಲು ಆಸ್ಪತ್ರೆಗಳಲ್ಲಿ ಇಂದಿಗೂ ಬಳಸುವುದು ನಮ್ಮ ಅಜ್ಜಿಯರ ಒಳಲೆಯನ್ನೇ. ಕುಂಚಿಗೆಯೂ ಬೇಕು. ಜೇನು, ಗುಟ್ಟಿ, ಅಗ್ಗಿಷ್ಟಿಕೆಯ ಹೊಗೆ ಮಾತ್ರ ಬೇಡ.

ತವರಿಗೆ ಹೋಗುವಾಗ

2011ರಿಂದ ಆಶಾ ಕಾರ್ಯಕರ್ತೆಯರು ಕೂಸಿಗೆ 42 ದಿನ ತುಂಬುವವರೆಗೆ ಮನೆಗೆ ಬಂದು ನೋಡುವ ವ್ಯವಸ್ಥೆ ಇದೆ. ಬುಧಗಾಂವದ ಸೊಸೆ ಬಾಣಂತನಕ್ಕೆ ಕರ್ನಾಟಕದ ತವರಿಗೆ ಹೋದರೆ ಇಲ್ಲಿಯ ಆಶಾಗೆ ಕೂಸು ಕೈ ತಪ್ಪುತ್ತದೆ, ಅಲ್ಲಿಯವಳಿಗೆ ಸುದ್ದಿಯೇ ಇರುವುದಿಲ್ಲ. ಆದ್ದರಿಂದ ಡಿಸ್ಚಾರ್ಜ್ ಚೀಟಿಯ ಜೆರಾಕ್ಸ್ ಒಯ್ದು, ತವರೂರಿನ ಆಶಾಗೆ ಹೋದ ದಿನವೇ ತೋರಿಸಬೇಕು. ಕೂಸು ಹಾಲು ಬಿಟ್ಟರೆ, ಮೈ ತಣ್ಣಗಾದರೆ, ಉಸಿರು ಮೇಲಕ್ಕೆ ಎಳೆದರೆ, ಅಂಗಾಲು ಹಳದಿಯಾದರೆ ಬೆಳಗಾಗುವುದನ್ನು ಕಾಯದೆ ದವಾಖಾನೆಗೆ ಒಯ್ಯಬೇಕು.

ವರಾಂಡದಲ್ಲಿ ಕುಳಿತವರು ಕೇಳಬೇಕಾದದ್ದು ಒಂದೇ ಪ್ರಶ್ನೆ: 'ಕೂಸಿನ್ನ ಎದಿಗೆ ಹಾಕ್ಕೋಬಹುದೇನ್ರಿ?' ಸಿಸ್ಟರಿಗೆ ಕನ್ನಡ ಬಾರದಿದ್ದರೆ, 'ಬಾಳಾಲಾ ಛಾತೀಶೀ ಘೇಊ ಕಾ?' ಕೇಳಲು ಸಂಕೋಚ ಬೇಡ. ಒಳಗಿರುವುದು ನಿಮ್ಮ ಕೂಸು.