ಪೆಡಲ್ ಕಯಾಕ್: ತೆರೆ ದಾಟಿ ಕಡಲಿಗಿಳಿಯುವ ಮತ್ತು ಮರಳಿ ದಡ ಸೇರುವ ವಿಧಾನ

ಕರಾವಳಿ ಗ್ರಾಮ ಪಂಚಾಯತ್‌ಗಳು, ಹೋಂ ಸ್ಟೇ ಮಾಲೀಕರು ಹಾಗೂ ಜಲಕ್ರೀಡೆ ನಡೆಸುವವರ ಮಾಹಿತಿಗಾಗಿ

ಹೊನ್ನಾವರದ ಬಳಿ ಶರಾವತಿಯ ಕಾಂಡ್ಲಾ ಕಾಡಿನ ನಡುವೆ, ಸಾಲಿಗ್ರಾಮದ ಸಮೀಪದ ಹಿನ್ನೀರಿನಲ್ಲಿ ಕಯಾಕ್ ನಡೆಸುವುದು ಇಂದು ಪ್ರವಾಸಿಗರಿಗೆ ಪರಿಚಿತವಾದ ಸಂಗತಿ. ಆದರೆ ಹಿನ್ನೀರಿನಲ್ಲಿ ಪಳಗಿದ ಕೈ ಕಡಲತೀರದ ತೆರೆಗಳಿಗೆ ಸಿದ್ಧವಾಗಿರುತ್ತದೆ ಎಂದು ಭಾವಿಸುವುದು ಅಪಾಯಕರ. ಸಣ್ಣ ದೋಣಿಗೆ ಹೆಚ್ಚಿನ ಗಂಡಾಂತರ ಇರುವುದು ದೂರದ ಆಳ ಸಮುದ್ರದಲ್ಲಲ್ಲ, ದಡಕ್ಕೆ ಹೊಂದಿಕೊಂಡು ತೆರೆಗಳು ಒಡೆಯುವ ಕಿರಿದಾದ ಪಟ್ಟಿಯಲ್ಲಿ.

ಪೆಡಲ್ ಏಕೆ ನೆರವಾಗದು

ಪೆಡಲ್ ಕಯಾಕಿನಲ್ಲಿ ಕುಳಿತವರು ಕಾಲಿನಿಂದ ತುಳಿದಾಗ ತಳದ ಕೆಳಗಿರುವ ರೆಕ್ಕೆಗಳು ಅಥವಾ ಪಂಖವು ನೀರನ್ನು ಹಿಂದಕ್ಕೆ ತಳ್ಳಿ ದೋಣಿಯನ್ನು ಮುನ್ನಡೆಸುತ್ತದೆ. ಕೈಗಳು ಬಿಡುವಾಗಿರುವುದರಿಂದ ಗಾಳ ಹಾಕುವವರಿಗೆ ಇದು ಅನುಕೂಲಕರ. ಆದರೆ ದಡದ ಬಳಿ ಇದೇ ತೊಡಕಾಗುತ್ತದೆ. ಸಾಮಾನ್ಯವಾಗಿ ನೀರಿನ ಆಳವು ಅಲೆಯ ಎತ್ತರದ ಸುಮಾರು 1.3 ಪಟ್ಟಿಗೆ ಇಳಿದಾಗ ಅಲೆ ಒಡೆಯುತ್ತದೆ. ಅಂದರೆ 1 ಮೀಟರ್ ಎತ್ತರದ ಅಲೆ ಒಡೆಯುವುದು ಸುಮಾರು 1.3 ಮೀಟರ್ ಆಳದಲ್ಲಿ. ಎರಡು ಅಲೆಗಳ ನಡುವಿನ ತಗ್ಗಿನಲ್ಲಿ ಆಳ ಇನ್ನೂ ಕಡಿಮೆ. ಅಲ್ಲಿ ರೆಕ್ಕೆ ಮರಳಿಗೆ ತಾಗಿದರೆ, ಅಲೆ ಮುಂದಕ್ಕೆ ನೂಕುತ್ತದೆ, ರೆಕ್ಕೆ ಹಿಡಿದು ನಿಲ್ಲಿಸುತ್ತದೆ, ದೋಣಿ ಮಗುಚುತ್ತದೆ. ಆದುದರಿಂದ ತೆರೆಪಟ್ಟಿಯನ್ನು ದಾಟಲು ಹುಟ್ಟನ್ನೇ ಅವಲಂಬಿಸಬೇಕು. ಹುಟ್ಟು ಹಾಕಲು ಬಾರದವರು ಪೆಡಲ್ ಕಯಾಕನ್ನು ಕಡಲಿಗೆ ಇಳಿಸಲೇಬಾರದು.

ಅಲೆಯ ಶಕ್ತಿ ಅದರ ಎತ್ತರದ ವರ್ಗಕ್ಕೆ ಅನುಗುಣವಾಗಿರುತ್ತದೆ. ಅರ್ಧ ಮೀಟರಿನ ಅಲೆಗಿಂತ 1 ಮೀಟರಿನ ಅಲೆ ಎರಡು ಪಟ್ಟಲ್ಲ, ನಾಲ್ಕು ಪಟ್ಟು ಬಲವುಳ್ಳದ್ದು. ಒಂದು ಘನ ಮೀಟರ್ ಸಮುದ್ರದ ನೀರು ಒಂದು ಟನ್ನಿಗೂ ಹೆಚ್ಚು ತೂಗುತ್ತದೆ ಎಂಬುದನ್ನು ನೆನಪಿಡತಕ್ಕದ್ದು.

ಕಡಲಿಗಿಳಿಯುವ ಮುನ್ನ ಮತ್ತು ಇಳಿಯುವಾಗ

ಕೈರಂಪಣಿ ಬಲೆ ಬಿಡುವ ಮೀನುಗಾರರು ತಮ್ಮ ದೋಣಿಯನ್ನು ತೆರೆಗಳ ಮೂಲಕವೇ ಕಡಲಿಗೆ ನೂಕುತ್ತಾರೆ. ಅವರು ಅವಸರ ಪಡುವುದಿಲ್ಲ. ತೆರೆ ನೋಡಿ, ಬಿಡುವು ಕಾದು ಇಳಿಯುತ್ತಾರೆ. ಈ ತಾಳ್ಮೆಗೆ ಕಾರಣವಿದೆ. ದೊಡ್ಡ ಅಲೆಗಳು ಗುಂಪಾಗಿ ಬರುತ್ತವೆ. ಗುಂಪುಗಳ ನಡುವೆ ಶಾಂತ ಅವಧಿ ಇರುತ್ತದೆ. ಇದನ್ನು ಅರಿಯಲು ಕನಿಷ್ಠ 15 ನಿಮಿಷ ದಡದಲ್ಲಿ ನಿಂತು ನೋಡಬೇಕು.

ಇಳಿಯುವ ಮೊದಲು ಲೈಫ್ ಜಾಕೆಟ್ ಬಿಗಿಯಾಗಿ ಧರಿಸತಕ್ಕದ್ದು. ಗಾಳ, ಕೊಕ್ಕೆ, ಡಬ್ಬಿ ಮುಂತಾದವನ್ನು ಒಳಗಿಟ್ಟು ಕಟ್ಟತಕ್ಕದ್ದು. ದೋಣಿಯ ಹಗ್ಗವನ್ನು ಮೈಗೆ ಕಟ್ಟಿಕೊಳ್ಳಬಾರದು. ರೆಕ್ಕೆಗಳನ್ನು ತಳಕ್ಕೆ ಒತ್ತಿ ಮಡಚಿ, ಪಂಖವಿದ್ದರೆ ಮೇಲಕ್ಕೆತ್ತಿ, ಚುಕ್ಕಾಣಿಯನ್ನೂ ಎತ್ತಿಡಬೇಕು. ಬಳಿಕ ದೋಣಿಯ ಮೂತಿಯನ್ನು ಅಲೆಗೆ ನೇರವಾಗಿ ಇರಿಸಿ, ಗುಂಪಿನ ಕೊನೆಯ ದೊಡ್ಡ ಅಲೆ ಹಾದುಹೋದ ಕೂಡಲೇ ಏರಿ ಬಿರುಸಾಗಿ ಹುಟ್ಟು ಹಾಕಬೇಕು. ಎದುರಿಗೆ ಅಲೆ ಕಂಡಾಗ ಕೈ ನಿಲ್ಲಿಸುವುದೇ ಸಾಮಾನ್ಯ ತಪ್ಪು. ವೇಗ ಕಳೆದುಕೊಂಡ ದೋಣಿಯನ್ನು ಅಲೆ ಹಿಂದಕ್ಕೆಸೆಯುತ್ತದೆ. ಮೈಯನ್ನು ಮುಂದಕ್ಕೆ ಬಾಗಿಸಿ ಅಲೆಯನ್ನು ದಾಟಬೇಕು. ಕೊನೆಯ ತೆರೆ ದಾಟಿದ ಮೇಲಷ್ಟೇ ರೆಕ್ಕೆ ಮತ್ತು ಚುಕ್ಕಾಣಿಯನ್ನು ಇಳಿಸತಕ್ಕದ್ದು.

ಮರಳಿ ಬರುವಾಗ

ಹೋಗುವುದಕ್ಕಿಂತ ಬರುವುದು ಕಠಿಣ. ಅಲೆ ಬೆನ್ನ ಹಿಂದಿನಿಂದ ಬರುತ್ತದೆ, ಸವಾರರು ದಣಿದಿರುತ್ತಾರೆ, ದಡ ಹತ್ತಿರವಾಯಿತೆಂಬ ಸಡಿಲಿಕೆಯೂ ಇರುತ್ತದೆ. ತೆರೆ ಒಡೆಯುವ ಪಟ್ಟಿಯ ಹೊರಗೇ ನಿಂತು, ರೆಕ್ಕೆ ಮತ್ತು ಚುಕ್ಕಾಣಿಯನ್ನು ಎತ್ತಿ, ಸಾಮಾನು ಕಟ್ಟಿ, ಮೂತಿಯನ್ನು ಕಡಲ ಕಡೆಗೆ ತಿರುಗಿಸಿ ಅಲೆಗಳನ್ನು ಗಮನಿಸಬೇಕು. ದೊಡ್ಡ ಗುಂಪು ದಾಟಿದ ಮೇಲೆ ಕೊನೆಯ ಅಲೆಯ ಬೆನ್ನನ್ನು ಹಿಂಬಾಲಿಸಿ ದಡದತ್ತ ಸಾಗಬೇಕು. ಅಲೆಯ ಮುಂದೆ ಓಡಲು ಯತ್ನಿಸಬಾರದು. ಹಿಂದಿನಿಂದ ಇನ್ನೊಂದು ಅಲೆ ಬಂದರೆ ಹುಟ್ಟನ್ನು ಹಿಮ್ಮುಖವಾಗಿ ಹಾಕಿ ಅದು ದೋಣಿಯ ಅಡಿಯಿಂದ ಸಾಗುವಂತೆ ಬಿಡಬೇಕು. ದೋಣಿ ಅಡ್ಡ ತಿರುಗಿದರೆ ಅಲೆ ಬರುವ ಬದಿಗೇ ವಾಲಿ, ಅದೇ ಬದಿಯಲ್ಲಿ ಹುಟ್ಟನ್ನು ಒತ್ತಬೇಕು. ಇಳಿಯುವುದೂ ಬೀಳುವುದೂ ಕಡಲ ಬದಿಗೇ. ದೋಣಿಗೂ ದಡಕ್ಕೂ ನಡುವೆ ನಿಂತವರ ಕಾಲು, ಸೊಂಟಗಳಿಗೆ ಆ ದೋಣಿಯೇ ಬಡಿಯುತ್ತದೆ. ಮಗುಚಿದಲ್ಲಿ ಒಂದು ತೋಳಿನಿಂದ ತಲೆ ಕಾಪಾಡಿಕೊಂಡು ಮೇಲೆದ್ದು, ದೋಣಿಯನ್ನು ದಡದತ್ತ ಹೋಗಲು ಬಿಡಬೇಕು. ವಸ್ತು ಹೋದರೆ ಮತ್ತೆ ತರಬಹುದು.

ಸ್ಥಳ ಮತ್ತು ಸಮಯದ ಆಯ್ಕೆ

ಅಳಿವೆ ಬಾಯಿಯಲ್ಲಿ ಕಯಾಕ್ ಇಳಿಸಬಾರದು. ಇಳಿತದ ವೇಳೆ ಹೊರಹರಿವ ನದಿನೀರು ಒಳಬರುವ ಅಲೆಗೆ ಎದುರಾಗಿ ತೆರೆಗಳು ಕಡಿದಾಗುತ್ತವೆ. ಎರಡು ಕಡೆ ತೆರೆ ಒಡೆಯುತ್ತಿದ್ದು ನಡುವೆ ಮಾತ್ರ ನೀರು ಶಾಂತವಾಗಿ ಕಂಡರೆ ಅದು ಸುರಕ್ಷಿತ ಜಾಗವೆಂದು ಭಾವಿಸಬಾರದು. ಅದು ಕಡಲಿಗೆ ಎಳೆದೊಯ್ಯುವ ಸೆಳವಾಗಿರುವ ಸಂಭವವಿದೆ. ಸೆಳವಿಗೆ ಸಿಕ್ಕವರು ಎದುರು ಈಜದೆ ದಡಕ್ಕೆ ಸಮಾನಾಂತರವಾಗಿ ಈಜಿ ಹೊರಬರಬೇಕು.

ಗಾಳಿಯಿಲ್ಲದ ದಿನವೂ ದೂರದ ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಯಿಂದ ಹುಟ್ಟಿದ ಉದ್ದಲೆಗಳು ನಮ್ಮ ತೀರವನ್ನು ಅಪ್ಪಳಿಸಬಹುದು. ಕೇರಳದಲ್ಲಿ ಇದಕ್ಕೆ ‘ಕಳ್ಳಕ್ಕಡಲ್’ ಎಂಬ ಹೆಸರಿದೆ. ಆದ್ದರಿಂದ ಆಕಾಶ ನೋಡಿದರೆ ಸಾಲದು. ಹೈದರಾಬಾದಿನ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರದ ಅಲೆ ಮುನ್ಸೂಚನೆಯನ್ನು ಪ್ರತಿದಿನ ಬೆಳಿಗ್ಗೆ ನೋಡಿ, ತೀರದ ಫಲಕದಲ್ಲಿ ಬರೆಯುವ ವ್ಯವಸ್ಥೆಯನ್ನು ಗ್ರಾಮ ಪಂಚಾಯತ್‌ಗಳು ಮಾಡುವುದು ಒಳಿತು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೇ ನಿಷೇಧವಿದೆ. ಮೀನಿನ ಸಂತತಿಯ ರಕ್ಷಣೆಗಾಗಿ ಇರುವ ಈ ಅವಧಿ ಕಡಲು ಕೆರಳಿರುವ ಅವಧಿಯೂ ಹೌದು. ಮಳೆಗಾಲ ಮುಗಿದು ಕಡಲು ತಣಿಯುವವರೆಗೆ ಕಯಾಕ್ ದಡದಲ್ಲಿರುವುದೇ ಕ್ಷೇಮ.

ಕಯಾಕ್ ಇಳಿಸುವ ಜಾಗವನ್ನು ಸ್ನಾನ ಮಾಡುವವರಿಂದ ದೂರದಲ್ಲಿ ಗುರುತಿಸಿ, ಹೋದವರ ಹೆಸರು ಮತ್ತು ಮರಳುವ ಸಮಯವನ್ನು ಪುಸ್ತಕದಲ್ಲಿ ಬರೆದಿಡತಕ್ಕದ್ದು. ತುರ್ತು ಸಂದರ್ಭದಲ್ಲಿ ಕರಾವಳಿ ಕಾವಲು ಪೊಲೀಸ್ 1093, ಭಾರತೀಯ ತಟರಕ್ಷಣಾ ಪಡೆ 1554 ಹಾಗೂ 112ಕ್ಕೆ ಕರೆ ಮಾಡಬೇಕು. ತೆರೆ ಹೆಚ್ಚಿದೆ ಎನಿಸಿದ ದಿನ ಪ್ರವಾಸಿಗರಿಗೆ ಹಣ ಹಿಂದಿರುಗಿಸಿ ಹಿನ್ನೀರಿಗೆ ಕರೆದೊಯ್ಯುವ ನಿರ್ವಾಹಕರು ಆ ದಿನದ ಗಳಿಕೆಯನ್ನಷ್ಟೇ ಕಳೆದುಕೊಳ್ಳುತ್ತಾರೆ.