ಅಟ್ಟದಿಂದ ಇಳಿಸಿ, ಕಡಲಿಗೆ ಇಳಿಯುವ ಮುನ್ನ



ಪೂಜೆಯ ರಜೆ ಹತ್ತಿರ ಬಂತೆಂದರೆ ಕೋಲ್ಕತ್ತಾದ ನಮ್ಮ ಮನೆಗಳಲ್ಲಿ ಒಂದೇ ಚರ್ಚೆ: ಊರಿಗೋ, ಅಂಡಮಾನಿಗೋ? ಹಿರಿಯರಿಗೆ ಊರು ಬೇಕು, ನಿಮಗೆ ಕಡಲು. ಇಲ್ಲಿಂದ ವಿಮಾನ ಹತ್ತಿದರೆ ಎರಡು ಚಿಲ್ಲರೆ ಗಂಟೆಯಲ್ಲಿ ಪೋರ್ಟ್ ಬ್ಲೇರ್, ಅಂದರೆ 2024ರಲ್ಲಿ ಶ್ರೀ ವಿಜಯಪುರಂ ಎಂದು ಹೆಸರು ಬದಲಾದ ಊರು. ಮುಂದೆ ಹಡಗಿನಲ್ಲಿ ಸ್ವರಾಜ್ ದ್ವೀಪ. 2018ರವರೆಗೆ ಅದು ಹ್ಯಾವ್‌ಲಾಕ್. ಊರೂ ಬೇಕು, ಕಡಲೂ ಬೇಕು ಎನ್ನುವವರಿಗೆ ಮುರುಡೇಶ್ವರವಿದೆ. ಅಲ್ಲಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿಯ ಸುತ್ತ ಮಳೆಗಾಲ ಕಳೆದ ಮೇಲೆ ಸ್ಕೂಬಾ ಮಾಡಿಸುತ್ತಾರೆ.

ಎಲ್ಲಿಗಾದರೂ ಹೋಗಿ. ಆದರೆ ನಿಮ್ಮಲ್ಲಿ ಕೆಲವರ ಮನೆಯ ಅಟ್ಟದ ಮೇಲೆ ಒಂದು ಚೀಲವಿದೆಯಲ್ಲ, 2020ರಲ್ಲಿ ಕೊರೊನಾ ಬಂದಾಗ ಮೇಲೇರಿದ್ದು, ಇನ್ನೂ ಇಳಿದಿಲ್ಲದ್ದು? ಇಂದಿನ ಮಾತು ಅದರ ಬಗ್ಗೆ.

"ಉಪಯೋಗಿಸಿಯೇ ಇಲ್ಲವಲ್ಲ, ಹೊಸದರಂತೆಯೇ ಇರುತ್ತದೆ" ಎನ್ನುತ್ತೀರಾ? ಅಲ್ಲಿಯೇ ನಾವು ಮೋಸ ಹೋಗುವುದು. ಸುಮ್ಮನೆ ಬಿದ್ದಿರುವ ರಬ್ಬರಿಗೂ ವಯಸ್ಸಾಗುತ್ತದೆ. ಅದರಲ್ಲೂ ನಮ್ಮ ಕೋಲ್ಕತ್ತಾದ ಹವೆ ನಿಮಗೆ ಗೊತ್ತೇ ಇದೆ. ಮಳೆಗಾಲದಲ್ಲಿ ಬೀರುವಿನೊಳಗಿನ ಚರ್ಮದ ಚಪ್ಪಲಿಗೇ ಬೂಷ್ಟು ಹಿಡಿಯುವಾಗ ಈ ಚೀಲವನ್ನು ಬಿಟ್ಟೀತೇ?

ಅಡುಗೆಮನೆಯನ್ನೇ ನೋಡಿ. ಸಿಲಿಂಡರ್ ಬದಲಿಸಿದಾಗ ಅಮ್ಮ ರಬ್ಬರ್ ಟ್ಯೂಬನ್ನು ಬಗ್ಗಿಸಿ ಬಿರುಕು ಬಿಟ್ಟಿದೆಯೇ ಎಂದು ಪರೀಕ್ಷಿಸುತ್ತಾರೆ, ಅನುಮಾನ ಬಂದರೆ ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ಎಂದು ನೋಡುತ್ತಾರೆ. ನೀವೂ ಅಷ್ಟೇ ಶ್ರದ್ಧೆಯಿಂದ ಆರಂಭಿಸಿ.

ಮೊದಲು ರೆಗ್ಯುಲೇಟರ್. ಸಿಲಿಂಡರಿನಲ್ಲಿ ಸುಮಾರು 200 ಬಾರ್ ಒತ್ತಡದಲ್ಲಿರುವ ಗಾಳಿಯನ್ನು ಎರಡು ಹಂತಗಳಲ್ಲಿ ಇಳಿಸಿ ನಿಮ್ಮ ಬಾಯಿಗೆ ಕೊಡುವುದು ಇದೇ. ಹೋಸುಗಳನ್ನು, ಅದರಲ್ಲೂ ತುದಿಗಳ ಹತ್ತಿರ, ಬಗ್ಗಿಸಿ ನೋಡಿ. ಬಾಯಲ್ಲಿ ಕಚ್ಚುವ ಭಾಗ ಹರಿದಿದೆಯೇ ನೋಡಿ. ಆಮೇಲೆ ಸಿಲಿಂಡರಿಗೆ ಜೋಡಿಸದೆ, ಮೊದಲ ಹಂತದ ಮುಚ್ಚಳವನ್ನು ಬಿಗಿಯಾಗಿ ಮುಚ್ಚಿ, ಮೆಲ್ಲಗೆ ಉಸಿರು ಎಳೆಯಿರಿ. ಗಾಳಿ ಬರಬಾರದು. ಬಂದರೆ ಎಲ್ಲೋ ತೂತಿದೆ. ಕಡಲಿನಲ್ಲಿ ಅದೇ ದಾರಿಯಿಂದ ಉಪ್ಪುನೀರು ಬಾಯಿಗೆ ಬರುತ್ತದೆ. ಗಾಳಿ ಬರಲಿಲ್ಲವೆಂದು ನಿಶ್ಚಿಂತರಾಗಬೇಡಿ. ಒಳಗಿನ ಒಣಗಿದ ಓ-ರಿಂಗು, ಕಟ್ಟಿಕೊಂಡ ಉಪ್ಪಿನ ಹರಳು ಈ ಪರೀಕ್ಷೆಯಲ್ಲಿ ಸಿಕ್ಕಿಬೀಳುವುದಿಲ್ಲ. ವರ್ಷಗಟ್ಟಲೆ ಇಟ್ಟದ್ದನ್ನು ತರಬೇತಿ ಪಡೆದ ತಂತ್ರಜ್ಞರೇ ಬಿಚ್ಚಿ ಸರ್ವಿಸ್ ಮಾಡಬೇಕು. ನೀವಾಗಿ ಬಿಚ್ಚಬೇಡಿ. ಕೊಬ್ಬರಿ ಎಣ್ಣೆ, ಹೊಲಿಗೆ ಯಂತ್ರದ ಎಣ್ಣೆ ಬಿಡುವ ಉಪಾಯವಂತೂ ಬೇಡವೇ ಬೇಡ!

ಎರಡನೆಯದು ಗಾಳಿ ತುಂಬುವ ಜಾಕೆಟ್. ಬಾಯಿಂದ ಊದಿ ಪೂರ್ತಿ ತುಂಬಿಸಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಮೆತ್ತಗಾಗಿದ್ದರೆ ಅಮ್ಮನ ಸೋಪಿನ ನೀರು ಹಚ್ಚಿ ತೂತು ಹುಡುಕಿ. ಗಾಳಿ ತುಂಬುವ ಗುಂಡಿಯನ್ನು ಹತ್ತಾರು ಸಲ ಒತ್ತಿ ಬಿಡಿ. ಪ್ರತಿ ಸಲವೂ ಅದು ಚಟ್ಟನೆ ಹಿಂದಕ್ಕೆ ಬರಬೇಕು. ಉಪ್ಪು ಕಟ್ಟಿ ಒತ್ತಿದಲ್ಲೇ ನಿಂತರೆ ಜಾಕೆಟ್ ತಾನಾಗಿ ತುಂಬುತ್ತಾ ನಿಮ್ಮನ್ನು ಸರ್ರನೆ ಮೇಲಕ್ಕೆ ಎಳೆದೊಯ್ಯುತ್ತದೆ. ಆಗ ಉಸಿರು ಬಿಗಿಹಿಡಿದರೆ ಶ್ವಾಸಕೋಶಕ್ಕೇ ಪೆಟ್ಟು.

ಮುಖವಾಡದ ಅಂಚಿನಲ್ಲಿ ಕಪ್ಪು ಚುಕ್ಕೆ ಕಂಡರೆ ಅದು ಬೂಷ್ಟು. ಕಾಲಿನ ಫಿನ್ನುಗಳ ಪಟ್ಟಿಯನ್ನು ಎಳೆದು ನೋಡಿ. ಡೈವ್ ಕಂಪ್ಯೂಟರಿಗೆ ಹೊಸ ಬ್ಯಾಟರಿ ಹಾಕಿಸಿ, ಅದರ ಓ-ರಿಂಗನ್ನೂ ಬದಲಿಸಿ. ಸ್ವಂತ ಸಿಲಿಂಡರ್ ಇದ್ದರೆ ಅದರ ಕತ್ತಿನ ಬಳಿ ಒತ್ತಿರುವ ಪರೀಕ್ಷೆಯ ತಾರೀಖನ್ನು ಓದಿ. ಅವಧಿ ಮುಗಿದಿದ್ದರೆ ತುಂಬಿಸುವ ಮಾತೇ ಇಲ್ಲ; ಒಳಗೆ ತೇವ ಸೇರಿ ಲೋಹ ಸವೆದಿರಬಹುದು.

ಇಷ್ಟೆಲ್ಲಾ ಏಕೆ? 10 ಮೀಟರ್ ಆಳದಲ್ಲಿ ಒತ್ತಡ ದಡದ ಮೇಲಿನದಕ್ಕಿಂತ ಎರಡು ಪಟ್ಟು, 20 ಮೀಟರಿನಲ್ಲಿ ಮೂರು ಪಟ್ಟು. ಸಿಲಿಂಡರಿನ ಗಾಳಿ ಅಷ್ಟೇ ಬೇಗ ಖರ್ಚಾಗುತ್ತದೆ. ಮನೆಯಲ್ಲಿ ತೋರಿದ ಸಣ್ಣ ದೋಷ ಅಲ್ಲಿ ಸಣ್ಣದಾಗಿ ಉಳಿಯುವುದಿಲ್ಲ. ಜೊತೆಗೆ ನೀವು ಒಬ್ಬರೇ ಇಳಿಯುವುದಿಲ್ಲ. ನಿಮ್ಮ ಗಾಳಿ ಮುಗಿದರೆ ನಿಮ್ಮ ಜೊತೆಗಾರ ತನ್ನ ಗಾಳಿಯಲ್ಲಿ ನಿಮಗೆ ಪಾಲು ಕೊಡಬೇಕಾಗುತ್ತದೆ.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆ, ಹೊರಡುವ ಹಿಂದಿನ ರಾತ್ರಿ ಚೀಲ ಇಳಿಸಬೇಡಿ. ಒಂದೂವರೆ ತಿಂಗಳು ಮೊದಲೇ ಇಳಿಸಿ. ಸರ್ವಿಸ್ ಆಗದಿದ್ದರೆ ನಾಚಿಕೆ ಬೇಡ, ರೆಗ್ಯುಲೇಟರನ್ನು ಮನೆಯಲ್ಲೇ ಬಿಟ್ಟು ಡೈವಿಂಗ್ ಕೇಂದ್ರದಲ್ಲಿ ಬಾಡಿಗೆಗೆ ಪಡೆಯಿರಿ.

ಇನ್ನೊಂದು ಮಾತು. ಅಟ್ಟದಲ್ಲಿ ಚೀಲವಿದ್ದಷ್ಟೇ ವರ್ಷ ನೀವೂ ನೀರಿನಿಂದ ದೂರವಿದ್ದೀರಿ. ಮೊದಲ ದಿನ ಶಿಕ್ಷಕರೊಡನೆ ಆಳವಿಲ್ಲದ ನೀರಿನಲ್ಲಿ ಅಭ್ಯಾಸ ಮಾಡಿ. ಹಲವು ಡೈವ್ ಮಾಡಿದ್ದರೆ ಕೊನೆಯ ಡೈವಿನ ನಂತರ ಕನಿಷ್ಠ 18 ಗಂಟೆ ವಿಮಾನ ಹತ್ತಬೇಡಿ.

ಇಲ್ಲಿ ಸೆಪ್ಟೆಂಬರಿನಲ್ಲಿ ವಿಶ್ವಕರ್ಮ ಪೂಜೆ, ನಮ್ಮಲ್ಲಿ ನವರಾತ್ರಿಗೆ ಆಯುಧ ಪೂಜೆ. ಎರಡರಲ್ಲೂ ಉಪಕರಣಗಳನ್ನು ತೊಳೆದು ಒರೆಸಿದ ಮೇಲೆಯೇ ಕುಂಕುಮ ಹಚ್ಚುವುದು. ಈ ವರ್ಷ ಅಪ್ಪನ ಕಾರು, ನಿಮ್ಮ ಲ್ಯಾಪ್‌ಟಾಪುಗಳ ಪಕ್ಕದಲ್ಲಿ ಆ ಚೀಲಕ್ಕೂ ಒಂದು ಜಾಗ ಕೊಡಿ. ಕುಂಕುಮಕ್ಕೆ ಮೊದಲು ಪರೀಕ್ಷೆ, ನೆನಪಿರಲಿ!

ಶುಭ ಪ್ರಯಾಣ.