ಹೊಸ ಈಜುಕೊಳ: ನೀರು ತಿಳಿಯಾಗಿ ಕಂಡರೆ ಸಾಕೇ?

ಸಂತೆಕಟ್ಟೆಯಲ್ಲಿ ಒಂದು ಹೊಸ ಮನೆ ಇದೆ ಎಂದಿಟ್ಟುಕೊಳ್ಳೋಣ. ಹಿತ್ತಿಲಲ್ಲಿ ನೀಲಿ ಟೈಲ್ಸ್ ಹಾಕಿದ ಪುಟ್ಟ ಈಜುಕೊಳ. ಉದ್ದ 6 ಮೀಟರ್, ಅಗಲ 3 ಮೀಟರ್, ಆಳ 1.2 ಮೀಟರ್. ಅಂದರೆ 21,600 ಲೀಟರ್ ನೀರು. ಬೇಸಿಗೆ ರಜೆಗೆ ಮಕ್ಕಳು ಬರುತ್ತಾರೆಂದು ಕೊಳವೆಬಾವಿಯಿಂದ ನೀರು ತುಂಬಿಸಿ, ಸಂಜೆ ಒಂದಿಷ್ಟು ಬ್ಲೀಚಿಂಗ್ ಪೌಡರ್ ಹಾಕಿದ್ದಾಯಿತು. ಬೆಳಿಗ್ಗೆ ಎದ್ದು ನೋಡಿದರೆ ನೀರು ಚಹಾದ ಬಣ್ಣಕ್ಕೆ ತಿರುಗಿದೆ!

ಈಗ ಸಲಹೆಗಳು ಶುರು. ಒಬ್ಬರು “ಕ್ಲೋರಿನ್ ಜಾಸ್ತಿಯಾಗಿದೆ” ಎನ್ನುತ್ತಾರೆ. ಇನ್ನೊಬ್ಬರು “ಪಟಿಕ ಹಾಕಿ” ಎನ್ನುತ್ತಾರೆ. ಮತ್ತೊಬ್ಬರು “ಎಲ್ಲ ಖಾಲಿ ಮಾಡಿ ಹೊಸ ನೀರು ತುಂಬಿಸಿ” ಎನ್ನುತ್ತಾರೆ. ಇವುಗಳಲ್ಲಿ ಯಾವುದು ಸರಿ? ಉತ್ತರ ನಮ್ಮ ಕಾಲ ಕೆಳಗಿನ ಮುರಕಲ್ಲಿನಲ್ಲಿದೆ.

ನಮ್ಮ ನೀರು ಯಾಕೆ ಬೇರೆ?

ಉಡುಪಿ, ಮಣಿಪಾಲ, ಕಾಪು, ಕಾರ್ಕಳದ ಬಹುಭಾಗದಲ್ಲಿ ನೆಲ ಎಂದರೆ ಕೆಂಪು ಮುರಕಲ್ಲು. ಲಕ್ಷಾಂತರ ವರ್ಷ ಜೋರು ಮಳೆಗೆ ಸಿಕ್ಕಿ ಇದರಲ್ಲಿದ್ದ ಸುಣ್ಣದ ಅಂಶ ತೊಳೆದುಹೋಗಿದೆ. ಕಬ್ಬಿಣ ಮತ್ತು ಅಲ್ಯೂಮಿನಿಯಂ ಉಳಿದುಕೊಂಡಿವೆ. ಹಾಗಾಗಿ ಇಲ್ಲಿನ ಬಾವಿ ನೀರು ಸಾಮಾನ್ಯವಾಗಿ ಮೆದು ಮತ್ತು ತುಸು ಆಮ್ಲೀಯ. ಪಿಎಚ್ 7ಕ್ಕಿಂತ ಕಡಿಮೆ ಇರುವುದೇ ಹೆಚ್ಚು. ತೋಟಕ್ಕೆ ಸುಣ್ಣ ಹಾಕುವ ಪದ್ಧತಿ ಬಂದಿರುವುದೂ ಇದೇ ಕಾರಣಕ್ಕೆ. ಬಯಲುಸೀಮೆಯಲ್ಲಿ ಗಡಸು ನೀರಿನದೇ ತಲೆನೋವು. ನಮ್ಮಲ್ಲಿ ಅದರ ತದ್ವಿರುದ್ಧ. ಬಯಲುಸೀಮೆಯ ಈಜುಕೊಳಕ್ಕೆ ಬರೆದ ಸೂಚನೆಗಳನ್ನು ಇಲ್ಲಿ ಹಾಗೆಯೇ ಅನುಸರಿಸಿದರೆ ಆಗದು.

ಇನ್ನು ಚಹಾ ಬಣ್ಣದ ವಿಷಯ. ಕೊಳವೆಬಾವಿ ನೀರಿನಲ್ಲಿ ಕರಗಿದ ಕಬ್ಬಿಣ ಕಣ್ಣಿಗೆ ಕಾಣುವುದಿಲ್ಲ. ಕ್ಲೋರಿನ್ ಅದನ್ನು ಉತ್ಕರ್ಷಿಸಿದಾಗ ಅದು ಕರಗದ ತುಕ್ಕಿನ ಕಣವಾಗುತ್ತದೆ, ನೀರು ಕಂದು ಬಣ್ಣಕ್ಕೆ ತಿರುಗುತ್ತದೆ. ತಪ್ಪು ಕ್ಲೋರಿನ್ನಿನದಲ್ಲ, ಅದು ಅಡಗಿದ್ದ ಕಬ್ಬಿಣವನ್ನು ಹೊರಗೆ ತಂದಿದೆ ಅಷ್ಟೆ. ಪಂಪನ್ನು ಬಿಡದೆ ಓಡಿಸಿ, ಫಿಲ್ಟರನ್ನು ಆಗಾಗ ತೊಳೆದರೆ ಈ ಬಣ್ಣ ಒಂದೆರಡು ದಿನಗಳಲ್ಲಿ ಬಹುಮಟ್ಟಿಗೆ ಹೋಗುತ್ತದೆ.

ಮೊದಲು ಕ್ಷಾರತೆ, ಆಮೇಲೆ ಪಿಎಚ್

ನೀರಿನ ಪಿಎಚ್ 7.2ರಿಂದ 7.6ರ ನಡುವೆ ಇರಬೇಕು. ಆದರೆ ನೇರವಾಗಿ ಪಿಎಚ್ ಸರಿಮಾಡಲು ಹೊರಟರೆ ಅದು ನಿಲ್ಲುವುದಿಲ್ಲ. ಇಂದು ಏರಿಸಿದರೆ ನಾಳೆ ಇಳಿಯುತ್ತದೆ. ಅದನ್ನು ಹಿಡಿದು ನಿಲ್ಲಿಸುವುದು ನೀರಿನಲ್ಲಿರುವ ಬೈಕಾರ್ಬೊನೇಟ್. ಇದರ ಅಳತೆಯೇ ಒಟ್ಟು ಕ್ಷಾರತೆ. ಈಜುಕೊಳಕ್ಕೆ ಇದು 80ರಿಂದ 120 ಪಿಪಿಎಂ ಬೇಕು. ಪಿಪಿಎಂ ಎಂದರೆ ಲೀಟರ್ ನೀರಿಗೆ ಎಷ್ಟು ಮಿಲಿಗ್ರಾಂ ಎಂದು ತಿಳಿಯಿರಿ.

ಕ್ಷಾರತೆ ಏರಿಸಲು ಅಡುಗೆ ಸೋಡಾ ಸಾಕು. 10,000 ಲೀಟರ್ ನೀರಿನಲ್ಲಿ 10 ಪಿಪಿಎಂ ಏರಿಸಲು ಸುಮಾರು 170 ಗ್ರಾಂ ಬೇಕು. ನಮ್ಮ 21,600 ಲೀಟರಿನ ಕೊಳದಲ್ಲಿ ಕ್ಷಾರತೆ 20 ಇದ್ದು ಅದನ್ನು 80ಕ್ಕೆ ಒಯ್ಯಬೇಕಾದರೆ ಸುಮಾರು 2.2 ಕೆಜಿ. ಒಮ್ಮೆಲೇ ಸುರಿಯದೆ ಎರಡು ಕಂತಿನಲ್ಲಿ ಹಾಕಿ, ಪಂಪ್ ಓಡಿಸಿ, ಕೆಲವು ಗಂಟೆ ಬಿಟ್ಟು ಮತ್ತೆ ಅಳೆಯಿರಿ.

ಪಟಿಕದ ಸಲಹೆ ಇಲ್ಲೇ ಎಡವುವುದು. ಪಟಿಕ ಕೊಳೆಯನ್ನು ತಳಕ್ಕೆ ಇಳಿಸುತ್ತದೆ ಎಂಬುದು ನಿಜ. ಆದರೆ ಹಾಗೆ ಮಾಡುವಾಗ ಅದು ಕ್ಷಾರತೆಯನ್ನು ತಿನ್ನುತ್ತದೆ. ಮೊದಲೇ ಕ್ಷಾರತೆ ಇಲ್ಲದ ನಮ್ಮ ನೀರಿಗೆ ಪಟಿಕ ಹಾಕಿದರೆ ಪಿಎಚ್ ಇನ್ನೂ ಕುಸಿಯುತ್ತದೆ. ಪಟಿಕ ಹಾಕುವುದೇ ಆದರೆ ಕ್ಷಾರತೆ ಸರಿಯಾದ ಮೇಲೆ, ಸ್ವಲ್ಪವೇ.

ಟೈಲ್ಸ್ ನಡುವಿನ ಸಿಮೆಂಟಿಗೆ ಹಸಿದ ನೀರು

ಮೆದು ನೀರು ಕುಡಿಯಲು, ಬಟ್ಟೆ ಒಗೆಯಲು ಚೆನ್ನ. ಈಜುಕೊಳಕ್ಕೆ ಅಲ್ಲ. ನೀರಿನಲ್ಲಿ ಕ್ಯಾಲ್ಸಿಯಂ ಇಲ್ಲದಿದ್ದರೆ ಅದು ತನಗೆ ಬೇಕಾದ ಕ್ಯಾಲ್ಸಿಯಂ ಅನ್ನು ಸಿಮೆಂಟಿನಿಂದಲೇ ಕರಗಿಸಿಕೊಳ್ಳುತ್ತದೆ. ಟೈಲ್ಸ್ ಸಂದುಗಳು ತರಿತರಿಯಾಗುತ್ತವೆ, ಬಿರುಕು ಬಿಡುತ್ತವೆ, ಕಡೆಗೆ ಟೈಲ್ಸ್ ಕಳಚುತ್ತವೆ. “ಮೇಸ್ತ್ರಿ ಕೆಲಸ ಸರಿ ಮಾಡಿಲ್ಲ” ಎಂದು ನಾವು ಬೈಯುವಾಗ, ತಪ್ಪು ಎಷ್ಟೋ ಸಲ ನೀರಿನದಾಗಿರುತ್ತದೆ.

ಸಿಮೆಂಟ್ ಕೊಳಕ್ಕೆ ಕ್ಯಾಲ್ಸಿಯಂ ಗಡಸುತನ 200ರಿಂದ 400 ಪಿಪಿಎಂ ಇರಬೇಕು ಎಂಬುದು ಸಾಮಾನ್ಯ ನಿಯಮ. ಕಡಿಮೆ ಇದ್ದರೆ ಕ್ಯಾಲ್ಸಿಯಂ ಕ್ಲೋರೈಡ್ ಸೇರಿಸುತ್ತಾರೆ.

ಹೊಸ ಕೊಳದಲ್ಲಿ ಇನ್ನೊಂದು ವಿಚಿತ್ರ ಕಾಣಬಹುದು. ತುಂಬಿಸಿದ್ದು ಆಮ್ಲೀಯ ನೀರು. ಆದರೆ ವಾರ ಕಳೆಯುವಷ್ಟರಲ್ಲಿ ಪಿಎಚ್ 8 ದಾಟಿರುತ್ತದೆ! ಕಾರಣ, ಹಸಿ ಸಿಮೆಂಟ್ ಮೊದಲ ಕೆಲವು ವಾರ ಸುಣ್ಣವನ್ನು ನೀರಿಗೆ ಬಿಡುತ್ತಲೇ ಇರುತ್ತದೆ. ಹಾಗಾಗಿ ಮೊದಲ ತಿಂಗಳು ಪಿಎಚ್ ದಿನವೂ ಅಳೆಯಬೇಕು. ಏರಿದರೆ ಕೊಳಗಳಿಗೆಂದೇ ಸಿಗುವ ಆಮ್ಲವನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿ ಇಳಿಸಬೇಕು. ನೆನಪಿಡಿ: ಬಕೆಟ್ಟಿನ ನೀರಿಗೆ ಆಮ್ಲ ಹಾಕಬೇಕು, ಆಮ್ಲಕ್ಕೆ ನೀರು ಹಾಕಬಾರದು.

ಪಿಎಚ್ ತಪ್ಪಿದರೆ ಕ್ಲೋರಿನ್ ದಂಡ

ಕ್ಲೋರಿನ್ ನೀರಿಗೆ ಬಿದ್ದಾಗ ಎರಡು ರೂಪಗಳಲ್ಲಿರುತ್ತದೆ. ಒಂದು ಹೈಪೋಕ್ಲೋರಸ್ ಆಮ್ಲ. ರೋಗಾಣುಗಳನ್ನು ಬೇಗ ಕೊಲ್ಲುವುದು ಇದೇ. ಇನ್ನೊಂದು ಹೈಪೋಕ್ಲೋರೈಟ್, ಇದು ತುಂಬ ದುರ್ಬಲ. ಪಿಎಚ್ 7ರಲ್ಲಿ ಸುಮಾರು ಮುಕ್ಕಾಲು ಭಾಗ ಮೊದಲ ರೂಪದಲ್ಲಿರುತ್ತದೆ, 7.5ರಲ್ಲಿ ಸುಮಾರು ಅರ್ಧ, 8ರಲ್ಲಿ ಕಾಲು ಭಾಗದಷ್ಟು ಮಾತ್ರ. ಹಾಕಿದ ಪುಡಿ ಅಷ್ಟೇ, ಖರ್ಚೂ ಅಷ್ಟೇ, ಕೆಲಸ ಮಾತ್ರ ಮೂರನೇ ಒಂದು ಪಾಲು.

ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಹೇಳುವಂತೆ ಈಜುಕೊಳದಲ್ಲಿ ಕನಿಷ್ಠ 1 ಪಿಪಿಎಂ ಮುಕ್ತ ಕ್ಲೋರಿನ್ ಇರಬೇಕು. ಬಿಸಿಲಿನಿಂದ ಕ್ಲೋರಿನ್ ಹಾಳಾಗದಂತೆ ಸಯನ್ಯೂರಿಕ್ ಆಮ್ಲ ಬಳಸಿದ್ದರೆ ಕನಿಷ್ಠ 2. ನಮ್ಮ ಕೊಳದಲ್ಲಿ 1 ಪಿಪಿಎಂ ಎಂದರೆ 21.6 ಗ್ರಾಂ ಕ್ಲೋರಿನ್. ಶೇ. 65ರ ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಆದರೆ ಸುಮಾರು 33 ಗ್ರಾಂ. ಶೇ. 33ರ ತಾಜಾ ಬ್ಲೀಚಿಂಗ್ ಪೌಡರ್ ಆದರೆ ಸುಮಾರು 65 ಗ್ರಾಂ. “ತಾಜಾ” ಎಂಬ ಪದ ಮುಖ್ಯ. ಕರಾವಳಿಯ ತೇವದ ಗಾಳಿಯಲ್ಲಿ ಬಾಯಿ ಬಿಚ್ಚಿಟ್ಟ ಚೀಲ ಬೇಗ ಸತ್ವ ಕಳೆದುಕೊಳ್ಳುತ್ತದೆ. ಪುಡಿಯನ್ನು ಬಕೆಟ್ ನೀರಿನಲ್ಲಿ ಕಲಸಿ, ಬಿಳಿ ಗಸಿ ಕೆಳಗೆ ಕೂತ ಮೇಲೆ ತಿಳಿಯನ್ನಷ್ಟೇ ಸೂರ್ಯ ಮುಳುಗಿದ ಮೇಲೆ ಹಾಕಿ. ಗಸಿ ಹಾಕಿದರೆ ನೀರೂ ಮಸುಕು, ಫಿಲ್ಟರೂ ಕಟ್ಟಿಕೊಳ್ಳುತ್ತದೆ.

ಅಳೆಯುವ ಕಿಟ್ ಬಗ್ಗೆ ಒಂದು ಮಾತು. ಹಳದಿ ಬಣ್ಣ ಬರುವ ಕಿಟ್ ಒಟ್ಟು ಕ್ಲೋರಿನ್ ತೋರಿಸುತ್ತದೆ, ಅದರಲ್ಲಿ ಕೆಲಸಕ್ಕೆ ಬಾರದ್ದೂ ಸೇರಿದೆ. ಗುಲಾಬಿ ಬಣ್ಣ ಬರುವ ಡಿಪಿಡಿ ಕಿಟ್ ಮುಕ್ತ ಕ್ಲೋರಿನ್ ತೋರಿಸುತ್ತದೆ. ಎರಡನೆಯದನ್ನೇ ಕೊಳ್ಳಿ.

ಕಣ್ಣು ಉರಿ, ಘಾಟು: ಕ್ಲೋರಿನ್ ಹೆಚ್ಚಾಯಿತೇ?

ಇದು ಎಲ್ಲರೂ ನಂಬಿರುವ ಮಾತು, ಹೆಚ್ಚಾಗಿ ತಪ್ಪು. ಬೆವರು, ಮೂತ್ರ, ಮೈಯ ಎಣ್ಣೆಯ ಜೊತೆ ಕ್ಲೋರಿನ್ ಸೇರಿದಾಗ ಕ್ಲೋರಮೈನ್ ಆಗುತ್ತದೆ. ಮೂಗಿಗೆ ಬಡಿಯುವ ಘಾಟು, ಕಣ್ಣು ಉರಿ ಅದರದು. ಅಂದರೆ ಘಾಟು ಹೊಡೆಯುವ ಕೊಳದಲ್ಲಿ ಬಹಳ ಸಲ ಮುಕ್ತ ಕ್ಲೋರಿನ್ ಸಾಕಷ್ಟಿಲ್ಲ ಎಂದೇ ಅರ್ಥ. ನೀರಿಗೆ ಇಳಿಯುವ ಮೊದಲು ಒಂದು ನಿಮಿಷ ಮೈತೊಳೆದುಕೊಂಡರೆ ಈ ಸಮಸ್ಯೆಯ ದೊಡ್ಡ ಪಾಲು ತಪ್ಪುತ್ತದೆ.

ಸಾಕಷ್ಟು ಕ್ಲೋರಿನ್ ಇಲ್ಲದಿದ್ದರೆ ಏನಾಗುತ್ತದೆ? 2024ರಲ್ಲಿ ಪಕ್ಕದ ಕೇರಳದಲ್ಲಿ ಮಕ್ಕಳು ಅಮೀಬಾ ಸೋಂಕಿನಿಂದ ತೀರಿಕೊಂಡ ಸುದ್ದಿ ನೆನಪಿರಬಹುದು. ನೆಗ್ಲೇರಿಯಾ ಎಂಬ ಈ ಅಮೀಬಾ ಬೆಚ್ಚಗಿನ ಸಿಹಿನೀರಿನಲ್ಲಿ ಬದುಕುತ್ತದೆ. ನೀರು ಕುಡಿದರೆ ಬರುವುದಿಲ್ಲ. ಮೂಗಿನ ಮೂಲಕ ಒಳಹೋದರೆ ಮಿದುಳಿಗೆ ಏರುತ್ತದೆ. ಇದು ಬಹಳ ಅಪರೂಪ, ಆದರೆ ಬಂದರೆ ಬದುಕುಳಿಯುವವರು ತೀರ ಕಡಿಮೆ. ಸರಿಯಾದ ಪಿಎಚ್‌ನಲ್ಲಿ, ನಿರಂತರವಾಗಿ ಸಾಕಷ್ಟು ಮುಕ್ತ ಕ್ಲೋರಿನ್ ಇದ್ದು, ಗೋಡೆಗೆ ಲೋಳೆ ಕಟ್ಟದಂತೆ ಉಜ್ಜುವ ಕೊಳದಲ್ಲಿ ಇದಕ್ಕೆ ನೆಲೆ ಸಿಗುವುದಿಲ್ಲ. ನೀರು ಕನ್ನಡಿಯಂತಿದ್ದರೂ ಕ್ಲೋರಿನ್ ಸೊನ್ನೆಯಾಗಿದ್ದರೆ ಮಕ್ಕಳನ್ನು ಇಳಿಸಬೇಡಿ.

ಫಿಲ್ಟರ್ ದಿನವೂ ತೊಳೆದರೆ ಒಳ್ಳೆಯದೇ?

ಮನೆಯ ಕೊಳಗಳಲ್ಲಿ ಹೆಚ್ಚಾಗಿ ಇರುವುದು ಮರಳಿನ ಫಿಲ್ಟರ್. ಇದು ಸುಮಾರು 20ರಿಂದ 40 ಮೈಕ್ರಾನ್‌ವರೆಗಿನ ಕಣ ಹಿಡಿಯುತ್ತದೆ. ಬ್ಯಾಕ್ಟೀರಿಯಾ ಅದಕ್ಕಿಂತ ಎಷ್ಟೋ ಚಿಕ್ಕದು. ಹಾಗಾಗಿ ಫಿಲ್ಟರ್ ಕ್ಲೋರಿನ್ನಿನ ಕೆಲಸ ಮಾಡದು, ಕ್ಲೋರಿನ್ ಫಿಲ್ಟರಿನ ಕೆಲಸ ಮಾಡದು. ಎರಡೂ ಬೇಕು.

ಕಾಫಿ ಫಿಲ್ಟರಿನಲ್ಲಿ ಪುಡಿ ಕೂತ ಮೇಲೆ ಡಿಕಾಕ್ಷನ್ ನಿಧಾನವಾಗಿ, ತಿಳಿಯಾಗಿ ಇಳಿಯುತ್ತದಲ್ಲ, ಮರಳೂ ಹಾಗೆಯೇ. ಸ್ವಲ್ಪ ಕೊಳೆ ಕೂತಾಗ ಸಂದುಗಳು ಕಿರಿದಾಗಿ ಅದು ಇನ್ನೂ ಚೆನ್ನಾಗಿ ಸೋಸುತ್ತದೆ. ಅನಗತ್ಯವಾಗಿ ದಿನವೂ ತೊಳೆದರೆ ನೀರೂ ವ್ಯರ್ಥ, ಸೋಸುವಿಕೆಯೂ ಕಳಪೆ. ಯಾವಾಗ ತೊಳೆಯಬೇಕು ಎಂಬುದನ್ನು ಒತ್ತಡದ ಮೀಟರ್ ಹೇಳುತ್ತದೆ. ಶುದ್ಧ ಮರಳಿನಲ್ಲಿ ಅದು ಎಷ್ಟು ತೋರಿಸುತ್ತದೆ ಎಂದು ಮೊದಲ ದಿನವೇ ಬರೆದಿಡಿ. ಅದಕ್ಕಿಂತ 8ರಿಂದ 10 ಪಿಎಸ್ಐ ಏರಿದಾಗ ಬ್ಯಾಕ್‌ವಾಶ್ ಮಾಡಿ.

ಪಂಪ್ ಆರಿಸದೆ ವಾಲ್ವಿನ ಹಿಡಿ ತಿರುಗಿಸಬೇಡಿ. ಒಳಗಿನ ಸೀಲ್ ಹರಿಯುತ್ತದೆ. ಗಾಜಿನ ಕಿಂಡಿಯಲ್ಲಿ ನೀರು ತಿಳಿಯಾಗುವವರೆಗೆ ಎರಡು ಮೂರು ನಿಮಿಷ ಬ್ಯಾಕ್‌ವಾಶ್, ನಂತರ ಅರ್ಧ ನಿಮಿಷ ರಿನ್ಸ್. ಹೊಸ ಕೊಳದಲ್ಲಿ ಸಿಮೆಂಟ್ ಧೂಳು, ಕಬ್ಬಿಣದ ಕಣ ಇರುವುದರಿಂದ ಮೊದಲ ವಾರಗಳಲ್ಲಿ ಹೆಚ್ಚು ಸಲ ಬೇಕಾಗಬಹುದು. ಒತ್ತಡ ಏರುವ ಬದಲು ಇಳಿದಿದ್ದರೆ ಪಂಪಿನ ಬುಟ್ಟಿಯಲ್ಲಿ ಎಲೆ, ಕೂದಲು ಸಿಕ್ಕಿದೆಯೇ ನೋಡಿ.

ಮರಳು ಮುಗಿದರೆ ಮಲ್ಪೆ ಕಡಲತೀರದ್ದಾಗಲಿ ಹೊಳೆಯದಾಗಲಿ ತಂದು ತುಂಬಬೇಡಿ. ಅದರಲ್ಲಿ ಚಿಪ್ಪು, ಉಪ್ಪು, ಮಣ್ಣು ಇರುತ್ತದೆ. ಕಾಳುಗಳ ಗಾತ್ರವೂ ಒಂದೇ ಸಮ ಇರುವುದಿಲ್ಲ. ಸುಮಾರು ಅರ್ಧ ಮಿಲಿಮೀಟರ್ ಕಾಳಿನ ಸಿಲಿಕಾ ಮರಳೇ ಬೇಕು.

ಮಳೆಗಾಲ ಬಂದಾಗ

ಉಡುಪಿಯಲ್ಲಿ ವರ್ಷಕ್ಕೆ ಸುಮಾರು 4 ಮೀಟರ್ ಮಳೆ. ನಮ್ಮ ಕೊಳದ ಆಳ 1.2 ಮೀಟರ್. ಅಂದರೆ ಕೊಳದ ಮೂರು ಪಟ್ಟಿಗಿಂತ ಹೆಚ್ಚು ನೀರು ಆಕಾಶದಿಂದಲೇ ಬಿದ್ದು ತುಂಬಿ ಹರಿದುಹೋಗುತ್ತದೆ, ಹೋಗುವಾಗ ನೀವು ಹಾಕಿದ ಸೋಡಾ, ಕ್ಯಾಲ್ಸಿಯಂ, ಕ್ಲೋರಿನ್ ಎಲ್ಲವನ್ನೂ ಒಯ್ಯುತ್ತದೆ. ಜೋರು ಮಳೆಯ ಮಾರನೆ ದಿನ ಮತ್ತೆ ಅಳೆಯಲೇಬೇಕು. ಕರೆಂಟ್ ಹೋಗಿ ಎರಡು ದಿನ ಪಂಪ್ ನಿಂತರೆ ಪಾಚಿ ಹಿಡಿಯುತ್ತದೆ. ಆಗಲೂ ಕ್ಲೋರಿನ್ ಕೈಯಿಂದ ಹಾಕಿ ಕಲಕುತ್ತಿರಿ.

“ಖಾಲಿ ಮಾಡಿ” ಎಂಬ ಸಲಹೆ ಮಳೆಗಾಲದಲ್ಲಿ ಅಪಾಯಕಾರಿ. ಆಗ ಅಂತರ್ಜಲ ನೆಲದ ಮಟ್ಟಕ್ಕೆ ಹತ್ತಿರ ಬಂದಿರುತ್ತದೆ. ಖಾಲಿ ಕೊಳ ದೋಣಿಯಂತೆ. ಕೆಳಗಿನ ನೀರು ಅದನ್ನು ಮೇಲಕ್ಕೆ ಒತ್ತಿ ತಳ ಬಿರಿಯಬಹುದು.

ಕೊನೆಯದಾಗಿ ಎರಡು ಎಚ್ಚರಿಕೆ. ಕ್ಲೋರಿನ್ ಮತ್ತು ಆಮ್ಲವನ್ನು, ಹಾಗೆಯೇ ಬೇರೆ ಬೇರೆ ಬಗೆಯ ಕ್ಲೋರಿನ್‌ಗಳನ್ನು ಎಂದೂ ಬೆರೆಸಬೇಡಿ, ಒಂದೇ ಬಕೆಟ್ ಅಥವಾ ಚಮಚ ಬಳಸಬೇಡಿ; ವಿಷಾನಿಲ ಹುಟ್ಟಬಹುದು, ಬೆಂಕಿಯೂ ಹೊತ್ತಬಹುದು. ಬ್ಯಾಕ್‌ವಾಶ್ ನೀರನ್ನು ಬಾವಿಯ ಬಳಿ ಬಿಡಬೇಡಿ. ಮುರಕಲ್ಲಿನ ರಂಧ್ರಗಳ ಮೂಲಕ ಅದು ಕುಡಿಯುವ ನೀರಿಗೇ ಸೇರುತ್ತದೆ.

ಹಾಗಾದರೆ ಚಹಾ ಬಣ್ಣದ ನೀರಿಗೆ ಏನು ಮಾಡಬೇಕಿತ್ತು? ಖಾಲಿ ಮಾಡುವುದು ಬೇಡ, ಪಟಿಕವೂ ಬೇಡ. ಸೋಸಿ, ಕ್ಷಾರತೆ ಅಳೆದು ಸೋಡಾ ಹಾಕಿ, ಪಿಎಚ್ ಮತ್ತು ಗಡಸುತನ ಸರಿಮಾಡಿ, ಆಮೇಲೆ ಕ್ಲೋರಿನ್ ನೋಡಿ. ಗುಲಾಬಿ ಬಣ್ಣದ ಕಿಟ್ ಸರಿಯಿದೆ ಎಂದ ದಿನ ಮಕ್ಕಳನ್ನು ಕರೆಯಿರಿ.